ಬಾವಿ ಮನೆಯೊಡೆಯರದು, ಆರೋಗ್ಯ ನಿಮ್ಮದು

ಪಾಲಿಬೆಟ್ಟದ ಅಂಚಿನಲ್ಲಿ, ಕಾಫಿ ತೋಟಕ್ಕೆ ತಾಗಿಕೊಂಡಂತೆ ಒಂದು ಬಾಡಿಗೆ ಮನೆ. ಎಸ್ಟೇಟಿನಲ್ಲಿ ರೈಟರ್ ಕೆಲಸದ ಯುವಕ, ಗರ್ಭಿಣಿ ಪತ್ನಿ, ನಾಲ್ಕು ವರ್ಷದ ಮಗಳು ಮೇ ತಿಂಗಳಲ್ಲಿ ಆ ಮನೆಗೆ ಬಂದರು. ಜೂನ್ ಕೊನೆಗೆ ಮಗುವಿಗೆ ಭೇದಿ ಶುರುವಾಯಿತು. ಹಲಸಿನ ಹಣ್ಣು ಹೆಚ್ಚು ತಿಂದಿರಬೇಕೆಂದು ನಾನೂ ಅಂದುಕೊಂಡೆ. ಜುಲೈಯಲ್ಲಿ ಮತ್ತೆ ಬಂದರು. ಮಳೆ, ಚಳಿ ಎಂದು ಔಷಧಿ ಕೊಟ್ಟು ಕಳುಹಿಸಿದೆ. ಮೂರನೆಯ ಸಲ ಬಂದಾಗ ಮಾತ್ರ ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ: “ಕುಡಿಯುವ ನೀರು ಎಲ್ಲಿಂದ?”

“ಓನರ್ ಮನೆಯ ಬಾವಿಯದು ಡಾಕ್ಟ್ರೇ. ಸ್ಫಟಿಕದ ಹಾಗಿದೆ” ಎಂದರು ಆತ.

ಸ್ಫಟಿಕದ ಹಾಗಿದ್ದ ಆ ನೀರು ಆಗಸ್ಟ್ ಕೊನೆಗೆ ತಾಯಿಯನ್ನೂ ಹಿಡಿಯಿತು. ಊಟ ಸೇರದು, ವಾಕರಿಕೆ, ಮೂತ್ರ ಕಡುಹಳದಿ. ಕಣ್ಣು ನೋಡಿದರೆ ಕಾಮಾಲೆ. ಎಂಟು ತಿಂಗಳ ಬಸುರಿಗೆ ಕಾಮಾಲೆ ಎಂದರೆ ವೈದ್ಯನ ಎದೆಯೂ ಒಮ್ಮೆ ನಡುಗುತ್ತದೆ. ಅದೇ ಗಂಟೆ ದೊಡ್ಡಾಸ್ಪತ್ರೆಗೆ ಕಳುಹಿಸಿದೆ. ದೇವರ ದಯೆ, ತಾಯಿ ಮಗು ಇಬ್ಬರೂ ಉಳಿದರು. ಆದರೆ ಈ ಇಡೀ ಕಥೆ ನಡೆಯಬೇಕಾಗಿರಲಿಲ್ಲ. ಆ ಕಾರಣಕ್ಕೇ ಈ ವಾರ ಬಾಡಿಗೆ ಮನೆಯ ಬಾವಿ ನೀರಿನ ಬಗ್ಗೆ ಬರೆಯುತ್ತಿದ್ದೇನೆ.

ತಿಳಿನೀರೆಲ್ಲ ಶುದ್ಧ ನೀರಲ್ಲ

ನೀರು ತಿಳಿಯಾಗಿದ್ದರೆ, ರುಚಿಯಾಗಿದ್ದರೆ, ವಾಸನೆ ಇಲ್ಲದಿದ್ದರೆ ಅದು ಒಳ್ಳೆಯ ನೀರು ಎಂದು ನಾವು ನಂಬುತ್ತೇವೆ. ಆದರೆ ರೋಗಾಣುಗಳಿಗೆ ಬಣ್ಣವಿಲ್ಲ, ರುಚಿಯಿಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಬಾವಿ ಪಂಪಿನ ನೀರು ರುಚಿಗೆ ಹೆಸರಾಗಿತ್ತು. ಆ ಬೀದಿಯಿಂದ ದೂರದ ಹ್ಯಾಂಪ್‌ಸ್ಟೆಡ್‌ಗೆ ಹೋಗಿ ನೆಲೆಸಿದ್ದ ಒಬ್ಬ ವಿಧವೆ ಅದೇ ನೀರು ಬೇಕೆಂದು ತರಿಸಿ ಕುಡಿಯುತ್ತಿದ್ದರು. ಕಾಲರಾ ಅವರನ್ನು ಅಲ್ಲಿಯೂ ಬಿಡಲಿಲ್ಲ. ಆ ಬಡಾವಣೆಯಲ್ಲಿ ಸತ್ತವರು 600ಕ್ಕೂ ಹೆಚ್ಚು. ಡಾ. ಜಾನ್ ಸ್ನೋ ಎಂಬ ವೈದ್ಯರು ಸಾವುಗಳ ಜಾಡು ಹಿಡಿದು ಬಾವಿಯನ್ನು ಗುರುತಿಸಿದರು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನೇ ಕಳಚಿ ಹಾಕಲಾಯಿತು. ಮುಂದೆ ಅಗೆದು ನೋಡಿದಾಗ ಪಕ್ಕದ ಮನೆಯ ಮಲಗುಂಡಿ ಬಾವಿಯಿಂದ ಮೂರು ಅಡಿ ದೂರದಲ್ಲೂ ಇರಲಿಲ್ಲ. ಭೇದಿಯಾಗಿದ್ದ ಒಂದು ಮಗುವಿನ ಬಟ್ಟೆ ಒಗೆದ ನೀರನ್ನು ಅದೇ ಗುಂಡಿಗೆ ಸುರಿದಿದ್ದರು.

ಇದು ಹಳೆಯ ಕಥೆಯಷ್ಟೇ ಅಲ್ಲ. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ನೀವು ಪತ್ರಿಕೆಗಳಲ್ಲಿ ಓದಿದ್ದೀರಿ.

“ಬಾವಿಯಲ್ಲಿ ಮೀನು ಬದುಕಿದೆ, ನೀರಿಗೇನಾಗಿದೆ?” ಎಂದು ಕೇಳುವವರಿದ್ದಾರೆ. ಮೀನಿಗೆ ಟೈಫಾಯಿಡ್ ಬರುವುದಿಲ್ಲ. ನಮಗೆ ಬರುತ್ತದೆ!

ಕೊಳೆ ಬಾವಿಗೆ ಸೇರುವ ಬಗೆ

ನಮ್ಮ ಕೊಡಗಿನಲ್ಲಿ ಬೇಸಗೆಯಲ್ಲಿ ಬಾವಿಯ ತಳ ಕಾಣುತ್ತದೆ. ಕಕ್ಕಡ ತಿಂಗಳಿಗೆ ಅದೇ ಬಾವಿಯಲ್ಲಿ ನೀರು ಕೈಗೆ ಎಟಕುವಷ್ಟು ಮೇಲೇರುತ್ತದೆ. ನೆಲದೊಳಗಿನ ನೀರು ಹೀಗೆ ಏರಿದಾಗ ಅದು ಶೌಚಗುಂಡಿಯ ತಳವನ್ನೂ ಮುಟ್ಟುತ್ತದೆ. ಬೇಸಗೆಯಲ್ಲಿ ಗುಂಡಿಯ ಕೊಳೆ ಹಲವು ಅಡಿ ಒಣಮಣ್ಣಿನ ಮೂಲಕ ಸೋಸಿ ಇಳಿಯಬೇಕು. ಮಳೆಗಾಲದಲ್ಲಿ ಆ ಸೋಸುವ ಮಣ್ಣೇ ನೀರಿನಲ್ಲಿ ಮುಳುಗಿರುತ್ತದೆ. ಬೇಸಗೆಯಲ್ಲಿ ಒಳ್ಳೆಯದಾಗಿದ್ದ ಬಾವಿ ಜುಲೈಯಲ್ಲಿ ಕೆಡುವುದು ಹೀಗೆ.

ಮೇಲಿನಿಂದಲೂ ಕೊಳೆ ಬರುತ್ತದೆ. ಕಟ್ಟೆ ಇಲ್ಲದ ಬಾವಿಗೆ ಅಂಗಳದ ನೀರು, ದನದ ಕೊಟ್ಟಿಗೆ ಮತ್ತು ಹಂದಿಗೂಡಿನ ನೀರು ನೇರವಾಗಿ ಹರಿಯುತ್ತದೆ. ಬಾವಿಯ ಪಕ್ಕದಲ್ಲೇ ಬಟ್ಟೆ, ಪಾತ್ರೆ ತೊಳೆದ ನೀರು ಬಿರುಕುಗಳಲ್ಲಿ ಇಳಿಯುತ್ತದೆ. ಕೊಳಕು ಕೈಯಲ್ಲಿ ಮುಟ್ಟಿದ ಹಗ್ಗ, ನೆಲದ ಮೇಲಿಟ್ಟ ಬಿಂದಿಗೆ ಬಾವಿಗೆ ಇಳಿಯುತ್ತವೆ. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಸಿದ್ದಾಪುರದ ಕಡೆಯ ನದಿದಡದ ಮನೆಗಳಿಗೆ ನೀರು ನುಗ್ಗಿತ್ತು. ಅಂಥ ನೆರೆಯಲ್ಲಿ ಮುಳುಗಿದ ಬಾವಿಯನ್ನು ಪೂರ್ತಿ ಬತ್ತಿಸಿ, ತೊಳೆದು, ಕ್ಲೋರಿನ್ ಹಾಕದೆ ಬಳಸಲೇಬಾರದು.

ನಾನು ಹೇಳಿದ ಆ ಮನೆಯಲ್ಲಿ ಕಾರಣ ಬೇರೆಯಿತ್ತು. ಎರಡು ವರ್ಷಗಳ ಹಿಂದೆ ಮನೆಯೊಡೆಯರು ಹೊಸ ಶೌಚಾಲಯ ಕಟ್ಟಿಸಿದ್ದರು. ಅದರ ಗುಂಡಿ ಬಾವಿಗಿಂತ ಎತ್ತರದ ಜಾಗದಲ್ಲಿತ್ತು, ಬಾವಿಯಿಂದ ಇಪ್ಪತ್ತೇ ಅಡಿ ದೂರ. ಬಾವಿಗೂ ಕೊಳೆಗುಂಡಿಗೂ ಕನಿಷ್ಠ 50 ಅಡಿ ಅಂತರವಿರಬೇಕು, ಗುಂಡಿ ಬಾವಿಗಿಂತ ತಗ್ಗಿನಲ್ಲಿರಬೇಕು ಎಂಬುದು ನಮ್ಮ ವೈದ್ಯಕೀಯ ಪಠ್ಯಗಳ ಮೊದಲ ಪಾಠ.

‘ನಮಗೇನೂ ಆಗಿಲ್ಲವಲ್ಲ!’

ಮನೆಯೊಡೆಯರ ಉತ್ತರ ನಿಮಗೂ ಪರಿಚಿತವಿರಬಹುದು: “ನಲವತ್ತು ವರ್ಷದಿಂದ ಇದೇ ನೀರು ಕುಡೀತಿದ್ದೇವೆ. ನಮಗೇನೂ ಆಗಿಲ್ಲ.” ಅವರು ಸುಳ್ಳು ಹೇಳುತ್ತಿರಲಿಲ್ಲ. ಆದರೆ ಇದಕ್ಕೆ ಎರಡು ಕಾರಣಗಳಿವೆ. ನಲವತ್ತು ವರ್ಷದ ಬಾವಿಯ ಪಕ್ಕದ ಗುಂಡಿಗೆ ಎರಡೇ ವರ್ಷ. ಇನ್ನೊಂದು, ಚಿಕ್ಕಂದಿನಿಂದ ಕೆಲವು ರೋಗಾಣುಗಳ ಸಂಪರ್ಕ ಇದ್ದವರಿಗೆ ಅವುಗಳ ವಿರುದ್ಧ ರೋಗನಿರೋಧಕ ಶಕ್ತಿ ಬಂದಿರುತ್ತದೆ. ಹೊಸದಾಗಿ ಬಂದವರು, ಚಿಕ್ಕ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಮೊದಲು ಬೀಳುತ್ತಾರೆ. ಬಾಡಿಗೆಗೆ ಬಂದವರ ಮಗುವಿಗೆ ಭೇದಿಯಾದರೆ ಅದು ಇಡೀ ವಠಾರಕ್ಕೆ ಸಿಕ್ಕಿದ ಮುನ್ಸೂಚನೆ.

ಕಾಯಿಲೆ ಕೂಡಲೇ ಕಾಣಿಸಿಕೊಳ್ಳದಿರುವುದೂ ನಮ್ಮನ್ನು ಮೋಸಗೊಳಿಸುತ್ತದೆ. ಭೇದಿ ಒಂದೆರಡು ದಿನದಲ್ಲಿ ಬರಬಹುದು. ಟೈಫಾಯಿಡ್‌ಗೆ ಒಂದರಿಂದ ಮೂರು ವಾರ ಬೇಕು. ನೀರಿನಿಂದ ಬರುವ ‘ಇ’ ವಿಧದ ಕಾಮಾಲೆಗೆ ಎರಡರಿಂದ ಹತ್ತು ವಾರ ಬೇಕಾಗುತ್ತದೆ. ಕಕ್ಕಡದಲ್ಲಿ ಕುಡಿದ ನೀರು ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಕಣ್ಣಲ್ಲಿ ಹಳದಿಯಾಗಿ ಕಾಣಬಹುದು. ಈ ಕಾಮಾಲೆ ಬೇರೆಯವರಲ್ಲಿ ಸಾಮಾನ್ಯವಾಗಿ ತಾನಾಗಿ ವಾಸಿಯಾಗುತ್ತದೆ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಬಂದರೆ ಮಾತ್ರ ನೂರರಲ್ಲಿ 20ರಿಂದ 25 ತಾಯಂದಿರ ಪ್ರಾಣಕ್ಕೇ ಸಂಚಕಾರ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇವತ್ತೇ ಮಾಡಬೇಕಾದ ಕೆಲಸ

ಮನೆಯೊಡೆಯರು ಒಪ್ಪಲಿ, ಬಿಡಲಿ, ಸಂದೇಹ ಬಂದ ದಿನವೇ ನೀರು ಕುದಿಸಲು ಆರಂಭಿಸಿ. ಇದಕ್ಕೆ ಯಾರ ಅಪ್ಪಣೆಯೂ ಬೇಡ.

ನೀರು ಕೆಂಪಾಗಿದ್ದರೆ ಒಗೆದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿಕೊಳ್ಳಿ. ಆಮೇಲೆ ಕುದಿಸಿ. ನೀರು ಕೊತಕೊತ ಕುದಿಯಲು ತೊಡಗಿದ ಮೇಲೆ ಒಂದು ನಿಮಿಷ ಕುದಿದರೆ ರೋಗಾಣುಗಳು ಸಾಯುತ್ತವೆ. ಹಳೆಯ ಪುಸ್ತಕಗಳು ಹೇಳುವಂತೆ ಇಪ್ಪತ್ತು ನಿಮಿಷ ಸೌದೆ ಉರಿಸುವ ಅಗತ್ಯವಿಲ್ಲ. ಕುದಿಸಿದ ಪಾತ್ರೆಯಲ್ಲೇ ಮುಚ್ಚಿಟ್ಟು ಆರಿಸಿ. ಲೋಟ ಅದ್ದಬೇಡಿ, ಉದ್ದ ಹಿಡಿಯ ಸೌಟಿನಿಂದ ಅಥವಾ ನಲ್ಲಿ ಇರುವ ಪಾತ್ರೆಯಿಂದ ತೆಗೆಯಿರಿ.

ಇಲ್ಲಿ ಮೂರು ತಪ್ಪುಗಳನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಒಂದು, “ನಾವು ಬಿಸಿನೀರೇ ಕುಡಿಯುವುದು” ಎನ್ನುವವರು ಕುಡಿಯುವುದು ಬೆಚ್ಚಗಿನ ನೀರು. ಬಿಸಿ ಮಾಡಿದ್ದು ಬೇರೆ, ಕುದಿಸಿದ್ದು ಬೇರೆ. ಬಚ್ಚಲ ಹಂಡೆಯ ನೀರು ಎಷ್ಟೇ ಬಿಸಿ ಇದ್ದರೂ ಕುಡಿಯಲು ಯೋಗ್ಯವಲ್ಲ. ಎರಡು, ಕುದಿಸಿದ ನೀರು ತುಂಬ ಬಿಸಿ ಇದೆಯೆಂದು ಅದಕ್ಕೆ ಅರ್ಧ ಲೋಟ ತಣ್ಣೀರು ಬೆರೆಸುತ್ತಾರೆ. ಅಲ್ಲಿಗೆ ಕುದಿಸಿದ್ದೆಲ್ಲ ವ್ಯರ್ಥ. ಮೂರು, ಕುಡಿಯಲು ಕುದಿಸಿದ ನೀರು, ಹಲ್ಲುಜ್ಜಲು, ಮಗುವಿನ ಹಾಲಿನ ಬಾಟಲಿ ತೊಳೆಯಲು, ಸೌತೆಕಾಯಿ ತೊಳೆಯಲು ಬಾವಿ ನೀರು. ಬಾಯಿಗೆ ಹೋಗುವ ಎಲ್ಲದಕ್ಕೂ ಕುದಿಸಿದ ನೀರೇ ಬೇಕು. ಮೈತೊಳೆಯಲು, ಬಟ್ಟೆಗೆ ಬಾವಿ ನೀರು ಬಳಸಬಹುದು. ಸ್ನಾನ ಮಾಡುವಾಗ ಮಕ್ಕಳು ನೀರು ನುಂಗದಂತೆ ನೋಡಿಕೊಳ್ಳಿ.

ಆರು ತಿಂಗಳೊಳಗಿನ ಕೂಸಿಗೆ ತಾಯಿಯ ಹಾಲು ಸಾಕು. ನೀರಿನ ಹನಿಯೂ ಬೇಡ.

ಫಿಲ್ಟರ್ ಕೊಂಡರೆ ಸಾಲದೆ ಎಂದು ಕೇಳಬಹುದು. ಮೇಣದಬತ್ತಿಯ ಆಕಾರದ ಬಿಳಿ ಕ್ಯಾಂಡಲಿನ ಫಿಲ್ಟರ್ ಮಣ್ಣನ್ನು ತಡೆಯುತ್ತದೆ, ಕಾಮಾಲೆಯ ವೈರಸ್ಸನ್ನು ತಡೆಯುವ ಭರವಸೆ ಇಲ್ಲ. ಅಲ್ಟ್ರಾ ವಯಲೆಟ್ ಯಂತ್ರ ಒಳ್ಳೆಯದೇ, ಆದರೆ ನೀರು ತಿಳಿಯಾಗಿರಬೇಕು, ಕರೆಂಟ್ ಇರಬೇಕು. ಗಾಳಿಮಳೆಗೆ ಮರ ಬಿದ್ದು ಮೂರು ದಿನ ಕತ್ತಲೆಯಲ್ಲಿರುವ ನಮ್ಮೂರುಗಳಲ್ಲಿ ಒಲೆಯನ್ನು ಮರೆಯುವಂತಿಲ್ಲ.

ಜಗಳಕ್ಕಿಂತ ಪರೀಕ್ಷೆ ಮೇಲು

ಬಾಡಿಗೆದಾರರ ಕಷ್ಟ ನನಗೆ ಗೊತ್ತು. “ಓನರಿಗೆ ಹೇಳಿದರೆ ಬೇರೆ ಮನೆ ನೋಡಿಕೊಳ್ಳಿ ಅನ್ನುತ್ತಾರೆ ಡಾಕ್ಟ್ರೇ. ಅಡ್ವಾನ್ಸ್ ಕೊಟ್ಟಾಗಿದೆ” ಎಂದು ಆ ಯುವಕ ತಲೆ ತಗ್ಗಿಸಿದ್ದರು. ಇಂಥಲ್ಲಿ ಮಾತಿಗಿಂತ ಸಾಕ್ಷಿ ಒಳ್ಳೆಯದು.

ಎಚ್‌ಟೂಎಸ್ ಬಾಟಲಿ ಎಂಬ ಸರಳ ಪರೀಕ್ಷೆಯೊಂದಿದೆ. ಭಾರತದ ವಿಜ್ಞಾನಿಗಳೇ 1982ರಲ್ಲಿ ಇದನ್ನು ಪ್ರಕಟಿಸಿದರು. ಔಷಧ ಸವರಿದ ಕಾಗದದ ಪಟ್ಟಿ ಇರುವ ಪುಟ್ಟ ಬಾಟಲಿಗೆ ಗುರುತಿನವರೆಗೆ ನೀರು ತುಂಬಿ ಮುಚ್ಚಿಡಬೇಕು. ಕರುಳಿನಲ್ಲಿ ವಾಸಿಸುವ ಬಗೆಯ ಬ್ಯಾಕ್ಟೀರಿಯಾಗಳು ಇದ್ದರೆ ಒಂದು ದಿನದೊಳಗೆ ನೀರು ಕಪ್ಪಾಗುತ್ತದೆ. ಚಳಿ ಇದ್ದರೆ ಎರಡು ದಿನ ಕಾಯಬೇಕು. ಬಾಟಲಿಯ ಒಳಗೆ, ಮುಚ್ಚಳದ ಒಳಗೆ ಬೆರಳು ತಾಗಿಸಬಾರದು. ಕಪ್ಪಾಗದಿದ್ದ ಮಾತ್ರಕ್ಕೆ ಎಲ್ಲ ಸರಿ ಎಂದಲ್ಲ. ಕಪ್ಪಾದರೆ ಮಾತ್ರ ಮಲದ ಕೊಳೆ ಸೇರಿದೆ ಎಂದೇ ತಿಳಿದು ನಡೆಯಬೇಕು. 2019ರಲ್ಲಿ ಜಲ ಜೀವನ್ ಮಿಷನ್ ಆರಂಭವಾದ ಮೇಲೆ ಗ್ರಾಮ ಪಂಚಾಯಿತಿಗಳಿಗೂ ನೀರು ಪರೀಕ್ಷೆಯ ಕಿಟ್‌ಗಳು ಬಂದಿವೆ. ಪಂಚಾಯಿತಿಯಲ್ಲಿ, ಸರಕಾರಿ ಆಸ್ಪತ್ರೆಯ ಆರೋಗ್ಯ ನಿರೀಕ್ಷಣಾಧಿಕಾರಿಗಳಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿ. ಪ್ರಯೋಗಾಲಯಕ್ಕೆ ಕಳುಹಿಸುವುದಾದರೆ ಅವರು ಕೊಟ್ಟ ಶುದ್ಧ ಬಾಟಲಿಯಲ್ಲೇ ನೀರು ತುಂಬಿ, ತಡಮಾಡದೆ ತಲುಪಿಸಬೇಕು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಇ. ಕೋಲೈ ಎಂಬ ಬ್ಯಾಕ್ಟೀರಿಯ ಒಂದೂ ಇರಕೂಡದು.

ತೋಟಕ್ಕೆ ಗೊಬ್ಬರ, ಕೀಟನಾಶಕ ಹಾಕುವ ಕಡೆ ಬಾವಿ ಇದ್ದರೆ ನೈಟ್ರೇಟ್ ಪರೀಕ್ಷೆಯನ್ನೂ ಕೇಳಿ. ಲೀಟರಿಗೆ 45 ಮಿಲಿಗ್ರಾಂ ಅದರ ಮಿತಿ. ರಾಸಾಯನಿಕಗಳು ಕುದಿಸಿದರೆ ಹೋಗುವುದಿಲ್ಲ ಎಂಬುದು ನೆನಪಿರಲಿ. ಅಂಥಲ್ಲಿ ನೀರಿಗೆ ಬೇರೆ ಮೂಲ ಹುಡುಕುವುದು ಲೇಸು.

ಆ ಯುವಕ ಬಾಟಲಿ ಎರಡು ತಂದರು. ಒಂದನ್ನು ತನ್ನ ಮನೆಯಲ್ಲಿಟ್ಟರು, ಇನ್ನೊಂದನ್ನು ಮನೆಯೊಡೆಯರ ಕೈಯಲ್ಲೇ ತುಂಬಿಸಿ ಅವರ ಜಗಲಿಯಲ್ಲೇ ಇಡಿಸಿದರು. ಮರುದಿನ ಸಂಜೆಗೆ ಎರಡೂ ಮಸಿಯಂತೆ ಕಪ್ಪು. ಆ ಮನೆಯಲ್ಲಿ ಒಂದು ವರ್ಷದ ಮೊಮ್ಮಗ ಇದ್ದ. ವಾದ ಅಲ್ಲಿಗೇ ಮುಗಿಯಿತು. ಎರಡು ಮನೆಯವರೂ ಕುಡಿಯುವುದು ಒಂದೇ ಬಾವಿಯ ನೀರು ಎಂಬುದೇ ನಿಮ್ಮ ಕೈಯಲ್ಲಿರುವ ದೊಡ್ಡ ಬಲ. “ನಿಮ್ಮ ಬಾವಿ ಕೆಟ್ಟಿದೆ” ಎನ್ನಬೇಡಿ. “ನಮ್ಮಿಬ್ಬರ ಮನೆಯ ಮಕ್ಕಳಿಗೂ ತೊಂದರೆ, ಸೇರಿ ಸರಿ ಮಾಡೋಣ” ಎನ್ನಿ.

ಒಳ್ಳೆಯ ಮಾತಿಗೆ ಒಪ್ಪದಿದ್ದರೆ ಪರೀಕ್ಷೆಯ ಫಲಿತಾಂಶದೊಂದಿಗೆ ಒಂದು ಪತ್ರ ಕೊಟ್ಟು ಪ್ರತಿ ಇಟ್ಟುಕೊಳ್ಳಿ. ಪಂಚಾಯಿತಿಗೂ ಅರ್ಜಿ ಕೊಡಿ. ನಾನು ವಕೀಲನಲ್ಲ, ಆದರೂ ಇಷ್ಟು ತಿಳಿದಿರಲಿ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೇ ಕಲಮಿನ ಪ್ರಕಾರ, ಮೇಲ್ನೋಟಕ್ಕೆ ಕಾಣದ ದೊಡ್ಡ ದೋಷ ತಮಗೆ ಗೊತ್ತಿದ್ದರೆ ಒಡೆಯರು ಅದನ್ನು ಬಾಡಿಗೆದಾರರಿಗೆ ತಿಳಿಸಬೇಕು. ಒಡೆಯರು ಮಾಡಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಯಾವ ರಿಪೇರಿ ಯಾರದೆಂಬುದು ಕರಾರನ್ನು ಅವಲಂಬಿಸುತ್ತದೆ. ಆದ್ದರಿಂದ ಬಾವಿಯ ವಿಷಯ ಕರಾರಿನಲ್ಲೇ ಬರೆಸಿಕೊಳ್ಳುವುದು ಜಾಣತನ. ತೋಟದ ಲೈನ್ ಮನೆಗಳ ಮಾತು ಬೇರೆ. ಕಾರ್ಮಿಕರಿಗೆ ಶುದ್ಧ ಕುಡಿಯುವ ನೀರು ಕೊಡುವ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯಿದೆಯೇ ಮಾಲೀಕರ ಮೇಲೆ ಹೊರಿಸಿತ್ತು.

ಬ್ಲೀಚಿಂಗ್ ಪುಡಿ ಹಾಕುವ ಕ್ರಮ

ಮೊದಲು ಬಾವಿಯಲ್ಲಿ ಎಷ್ಟು ನೀರಿದೆಯೆಂದು ತಿಳಿಯಬೇಕು. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿದರೆ ನೀರಿನ ಆಳ ತಿಳಿಯುತ್ತದೆ. ಬಾವಿಯ ಅಗಲವನ್ನು ಅಗಲದಿಂದಲೇ ಗುಣಿಸಿ, ಅದನ್ನು ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 22ರಿಂದ ಗುಣಿಸಿ. ಅಳತೆ ಅಡಿಗಳಲ್ಲಿದ್ದರೆ ಬರುವ ಉತ್ತರ ಲೀಟರುಗಳು. ಉದಾಹರಣೆಗೆ 6 ಅಡಿ ಅಗಲದ ಬಾವಿಯಲ್ಲಿ 15 ಅಡಿ ನೀರಿದ್ದರೆ 6×6×15×22, ಅಂದರೆ ಸುಮಾರು 12,000 ಲೀಟರ್.

ಒಳ್ಳೆಯ ಬ್ಲೀಚಿಂಗ್ ಪುಡಿ ಸಾವಿರ ಲೀಟರಿಗೆ 2.5 ಗ್ರಾಂ ಬೇಕು. ನಮ್ಮ ಉದಾಹರಣೆಯ ಬಾವಿಗೆ 30 ಗ್ರಾಂ. ನೀರು ಕೆಟ್ಟಿರುವುದು ಖಚಿತವಾದಾಗ, ನೆರೆ ಬಂದಾಗ, ಊರಲ್ಲಿ ವಾಂತಿಭೇದಿ ಇದ್ದಾಗ ಇದರ ಎರಡರಷ್ಟು, ಅಂದರೆ 60 ಗ್ರಾಂ ಹಾಕಬೇಕು. ಕಣ್ಣಂದಾಜು ಬೇಡ, ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ. ತೆರೆದಿಟ್ಟ ಪುಡಿ ಗಾಳಿ ಬೆಳಕಿಗೆ ಸತ್ವ ಕಳೆದುಕೊಳ್ಳುತ್ತದೆ. ಘಾಟು ವಾಸನೆ ಇಲ್ಲದ ಪುಡಿ ಸುಣ್ಣಕ್ಕೆ ಸಮ.

ಪುಡಿಯನ್ನು ನೇರವಾಗಿ ಬಾವಿಗೆ ಎರಚಬೇಡಿ. ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ನೀರಿನಲ್ಲಿ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ. ಅದನ್ನು ಹಗ್ಗದಲ್ಲಿ ಬಾವಿಗೆ ಇಳಿಸಿ, ನೀರಿನೊಳಗೆ ಮೇಲೆ ಕೆಳಗೆ ಆಡಿಸಿ ಚೆನ್ನಾಗಿ ಬೆರೆಸಿ. ಕನಿಷ್ಠ ಒಂದು ಗಂಟೆ ನೀರು ಸೇದಬಾರದು. ರಾತ್ರಿ ಎಲ್ಲರೂ ನೀರು ತುಂಬಿಕೊಂಡ ಮೇಲೆ ಹಾಕಿದರೆ ಅನುಕೂಲ. ಕೈಗೆ ಗ್ಲೌಸ್, ಮುಖಕ್ಕೆ ಬಟ್ಟೆ ಇರಲಿ. ಪುಡಿಗೆ ಆಸಿಡ್ ಅಥವಾ ಶೌಚಾಲಯ ತೊಳೆಯುವ ದ್ರಾವಣ ಬೆರೆಯಲೇಬಾರದು, ವಿಷಾನಿಲ ಬರುತ್ತದೆ. ಬಾವಿಯ ಜೊತೆಗೆ ಮೇಲಿನ ಟ್ಯಾಂಕನ್ನೂ ತೊಳೆಯಿರಿ. ಅದನ್ನು ಮರೆಯುವವರೇ ಹೆಚ್ಚು.

ಬಾವಿ ತೊಳೆಯಲು ಒಳಗಿಳಿಯುವುದು ಅನುಭವಸ್ಥರ ಕೆಲಸ. ಬಾವಿಯ ತಳದಲ್ಲಿ ಪ್ರಾಣವಾಯು ಕಡಿಮೆ ಇದ್ದು ಇಳಿದವರೂ, ಅವರನ್ನು ಉಳಿಸಲು ಇಳಿದವರೂ ಸತ್ತದ್ದುಂಟು. ಡೀಸೆಲ್ ಪಂಪನ್ನು ಬಾವಿಯೊಳಗೆ ಇಟ್ಟು ನಡೆಸಬಾರದು.

ಪುಡಿಯೊಂದೇ ಸಾಲದು

ಗುಂಡಿಯಿಂದ ಕೊಳೆ ಒಸರುತ್ತಲೇ ಇದ್ದರೆ, ಇವತ್ತು ಹಾಕಿದ ಕ್ಲೋರಿನ್ ನಾಳೆಗೆ ಉಳಿಯದು. 1955ರ ಡಿಸೆಂಬರ್‌ನಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿ ನೀರು ಸೇರಿದಾಗ ಅಧಿಕಾರಿಗಳು ಕ್ಲೋರಿನ್ ಹೆಚ್ಚಿಸಿದ್ದರು. ಟೈಫಾಯಿಡ್, ಆಮಶಂಕೆ ಹೆಚ್ಚಾಗಲಿಲ್ಲ. ಆದರೆ ಸುಮಾರು 29,000 ಮಂದಿಗೆ ಕಾಮಾಲೆ ಬಂತು. ಅದು ‘ಇ’ ವಿಧದ ಕಾಮಾಲೆ ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಬ್ಲೀಚಿಂಗ್ ಪುಡಿ ಹಾಕಿದ ಮೇಲೂ, ಕೊಳೆಯ ಮೂಲ ಮುಚ್ಚುವವರೆಗೆ ಕುದಿಸುವುದನ್ನು ನಿಲ್ಲಿಸಬೇಡಿ ಎಂದು ನಾನು ಹೇಳುವುದು ಈ ಕಾರಣಕ್ಕೇ.

ಆ ಮನೆಯೊಡೆಯರು ಮಳೆ ಬಿಟ್ಟ ಮೇಲೆ ಗುಂಡಿಯನ್ನು ಮನೆಯ ಕೆಳಗಿನ ಬದಿಗೆ ಸಾಗಿಸಿದರು. ಬಾವಿಗೆ ಎರಡೂವರೆ ಅಡಿ ಕಟ್ಟೆ, ಸುತ್ತ ಮೂರಡಿ ಸಿಮೆಂಟ್ ನೆಲ, ನೀರು ಹರಿದುಹೋಗಲು ಚರಂಡಿ, ಮೇಲೊಂದು ಮುಚ್ಚಳ ಮಾಡಿಸಿದರು. ಖರ್ಚಿನಲ್ಲಿ ಒಂದು ಪಾಲನ್ನು ಬಾಡಿಗೆದಾರರು ತಾವಾಗಿಯೇ ಹಾಕಿದರು.

ವೈದ್ಯರ ಬಳಿ ಯಾವಾಗ?

ಭೇದಿ ಶುರುವಾದ ಕೂಡಲೇ ಓಆರ್‌ಎಸ್ ಕೊಡಿ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟಸ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ. ಎದೆಹಾಲು, ಗಂಜಿ ನಿಲ್ಲಿಸಬೇಡಿ. ಮಕ್ಕಳಿಗೆ ಸತುವಿನ ಮಾತ್ರೆಯನ್ನು ವೈದ್ಯರು ಹೇಳಿದಂತೆ 10ರಿಂದ 14 ದಿನ ಕೊಡಬೇಕು. ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾದರೆ, ಜ್ವರ ಮೂರು ದಿನ ಬಿಡದಿದ್ದರೆ ಆಸ್ಪತ್ರೆಗೆ ಬನ್ನಿ. ಗರ್ಭಿಣಿಯ ಕಣ್ಣು ಅಥವಾ ಮೂತ್ರ ಹಳದಿಯಾದರೆ ನಾಟಿ ಮದ್ದೆಂದು ಒಂದು ದಿನವೂ ಕಳೆಯಬೇಡಿ. ಬಂದಾಗ ವೈದ್ಯರು ಕೇಳದಿದ್ದರೂ ನೀವೇ ಹೇಳಿ: “ನಾವು ಕುಡಿಯುವುದು ಬಾವಿ ನೀರು.”

ಮುಂದಿನ ಸಲ ಬಾಡಿಗೆಗೆ ಮನೆ ನೋಡಲು ಹೋದಾಗ ಕೋಣೆ ಎಷ್ಟು, ಬಾಡಿಗೆ ಎಷ್ಟು ಎಂದು ಕೇಳುವ ಮೊದಲು ಹಿತ್ತಿಲಿಗೆ ಹೋಗಿ. ಬಾವಿಗೆ ಕಟ್ಟೆ ಇದೆಯೇ, ಶೌಚಗುಂಡಿ ಎಲ್ಲಿದೆ, ಕೊಟ್ಟಿಗೆಯ ನೀರು ಯಾವ ಕಡೆ ಹರಿಯುತ್ತದೆ ನೋಡಿ. ಬಾವಿಯಿಂದ ಗುಂಡಿಗೆ ಹೆಜ್ಜೆ ಹಾಕಿ ಎಣಿಸಿ. ಇಪ್ಪತ್ತು ಹೆಜ್ಜೆಗಿಂತ ಕಡಿಮೆ ಇದ್ದರೆ ಮೊದಲ ದಿನದಿಂದಲೇ ನೀರು ಕುದಿಸಿ.